ಭರತದ ಲೆಕ್ಕ ಹಿಡಿದು ವಲಸೆ ಹಕ್ಕಿ ನೋಡುವುದು

ವಸಂತಕ್ಕೆ ವಲಸೆ ಹಕ್ಕಿ ಬರುತ್ತದೆ ಎನ್ನುವುದು ಯುರೋಪಿಗೆ, ಸೈಬೀರಿಯಾಕ್ಕೆ ಸರಿಯಾದ ಮಾತು. ಮಂಗಳೂರು, ಉಡುಪಿ ಕಡೆಗೆ ಅವು ಬಂದಿಳಿಯುವುದು ಆಟಿ ಕಳೆದು ಸೋಣ ಹಿಡಿಯುವಾಗ, ಅಂದರೆ ಆಗಸ್ಟ್ ತಿಂಗಳಿಂದ. ಕಡಲಕ್ಕಿಗಳು (ಗಲ್) ಇನ್ನೂ ತಡ, ಅಕ್ಟೋಬರ್–ನವೆಂಬರ್ ಆಗುತ್ತದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಹೊರಟಿರುತ್ತವೆ.

ಹಾಗಿದ್ದರೂ ಹೊಸಬರು ಹಕ್ಕಿ ನೋಡಲು ಶುರು ಮಾಡುವುದಾದರೆ ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನ ಬಿಸು ಹಬ್ಬದ ತನಕದ ಎರಡು ತಿಂಗಳನ್ನೇ ಆರಿಸಿಕೊಳ್ಳಿ. ಡಿಸೆಂಬರಿನಲ್ಲಿ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಮರಳ ದಿಬ್ಬದ ಮೇಲೆ ನಿಂತ ಇನ್ನೂರು ಹಕ್ಕಿಯೂ ಒಂದೇ ಬೂದು ಬಣ್ಣದವು. ಹೆಸರು ಹೇಳಲು ಹೋದರೆ ತಲೆ ಕೆಡುತ್ತದೆ. ಮಾರ್ಚ್ ಬಂತೆಂದರೆ ಅವೇ ಹಕ್ಕಿಗಳು ಗರಿ ಉದುರಿಸಿ ಜೋಡಿಗೂಡುವ ಕಾಲದ ಬಣ್ಣಕ್ಕೆ ತಿರುಗುತ್ತವೆ. ಜೊತೆಗೆ ಕೇರಳ, ಲಕ್ಷದ್ವೀಪ, ಶ್ರೀಲಂಕಾದಲ್ಲಿ ಚಳಿಗಾಲ ಕಳೆದವು ಉತ್ತರಕ್ಕೆ ಮರಳುವ ದಾರಿಯಲ್ಲಿ ನಮ್ಮ ಅಳಿವೆಗಳಲ್ಲಿ ಇಳಿದು ಮೇಯುತ್ತವೆ. ನಿನ್ನೆ ಐವತ್ತಿದ್ದ ದಿಬ್ಬದ ಮೇಲೆ ಇಂದು ಮುನ್ನೂರು ಕಂಡರೆ ಅದು ಇವುಗಳ ಲೆಕ್ಕ.

ಮೊದಲು ನೋಡಬೇಕಾದದ್ದು ಗಡಿಯಾರವಲ್ಲ, ಪಂಚಾಂಗ

ಅಳಿವೆಗೆ ಹೋಗಿ ಬರಿಗೈಯಲ್ಲಿ ಬಂದವರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಇಳಿತದ ಹೊತ್ತಿಗೆ ಹೋಗಿರುತ್ತಾರೆ. ನೀರು ಪೂರ್ತಿ ಇಳಿದಾಗ ಕೆಸರು ಬಯಲು ಅರ್ಧ ಕಿಲೋಮೀಟರ್ ಹರಡಿಕೊಂಡಿರುತ್ತದೆ, ಹಕ್ಕಿಗಳೂ ಅಷ್ಟೇ ಚದುರಿ ನೀರಿನ ಅಂಚಿನಲ್ಲಿ ಚುಕ್ಕಿಗಳಂತೆ ಕಾಣುತ್ತವೆ. ನೀರು ಏರತೊಡಗಿದರೆ ಮೇಯುವ ಜಾಗ ಕಿರಿದಾಗುತ್ತಾ ಅವು ತಾವಾಗಿಯೇ ದಂಡೆಯ ಕಡೆಗೆ, ಅಂದರೆ ನೀವು ಕೂತ ಕಡೆಗೆ ಸರಿಯುತ್ತವೆ. ನೀರು ಪೂರ್ತಿ ಏರುವ ಹೊತ್ತೇ ಭರತ; ಅದಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ ಕೂರಬೇಕು. ಭರತ ತುಂಬುವ ತನಕ ಏಳಬಾರದು.

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ನಮ್ಮ ಕಡಲಲ್ಲಿ ಎರಡು ಭರತಗಳು ಸಮ ಎತ್ತರದವಲ್ಲ, ಹಾಗಾಗಿ ಪಟ್ಟಿಯಲ್ಲಿ ಎತ್ತರವನ್ನೂ ನೋಡಿ. ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸಿನಲ್ಲಿ ಇದು 40 ನಿಮಿಷದಷ್ಟು, ಅಷ್ಟಮಿಯ ಹತ್ತಿರ ಒಂದು ಗಂಟೆಯನ್ನೂ ದಾಟುತ್ತದೆ. ಭರತ–ಇಳಿತದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಅದು ಬಂದರಿನ ಲೆಕ್ಕ. ಅಳಿವೆಯಿಂದ ಹೊಳೆಯ ಒಳಕ್ಕೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ನಾಲ್ಕಾರು ಕಿಲೋಮೀಟರ್ ಒಳಗೆ ಅರ್ಧ ಗಂಟೆಯ ವ್ಯತ್ಯಾಸವೂ ಬರಬಹುದು.

ಪಟ್ಟಿ ಇಲ್ಲದೆಯೂ ಲೆಕ್ಕ ಹಾಕುವ ಒಂದು ದಾರಿಯಿದೆ. ನಿಮ್ಮ ಅಳಿವೆಯಲ್ಲಿ ಹುಣ್ಣಿಮೆಯ ದಿನ ಹಗಲಿನ ಭರತ ಎಷ್ಟು ಗಂಟೆಗೆ ಎಂದು ಒಮ್ಮೆ ಬರೆದಿಟ್ಟುಕೊಳ್ಳಿ. ಪ್ರತಿ ಹುಣ್ಣಿಮೆಗೂ, ಪ್ರತಿ ಅಮಾವಾಸ್ಯೆಗೂ ಹೆಚ್ಚುಕಡಿಮೆ ಅದೇ ಹೊತ್ತು ಬರುತ್ತದೆ. ಆ ಹೊತ್ತು ಹನ್ನೊಂದೂವರೆ ಎಂದಿಟ್ಟುಕೊಂಡರೆ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಭರತ ಬೇಕೆನ್ನುವವರು ಹುಣ್ಣಿಮೆಗೆ ಮೂರು ದಿನ ಮುಂಚೆ ಹೋಗಬೇಕು. ಅಷ್ಟಮಿಯ ದಿನಗಳನ್ನು ಬಿಟ್ಟುಬಿಡಿ. ಆಗ ನೀರಿನ ಏರಿಳಿತವೇ ಕಡಿಮೆ, ಹಕ್ಕಿಗಳು ದಿನವಿಡೀ ದೂರದಲ್ಲೇ ಮೇಯುತ್ತಾ ಇರುತ್ತವೆ.

ಸೂರ್ಯ ಬೆನ್ನಿಗಿರಲಿ

ನಮ್ಮ ಕರಾವಳಿಯ ಅಳಿವೆಗಳಿಗೆ ಒಂದು ಸಾಮಾನ್ಯ ರೂಪವಿದೆ. ಹೊಳೆ ಬಂದು ನೇರ ಕಡಲು ಸೇರುವುದಿಲ್ಲ. ಕಡಲಿಗೂ ಹೊಳೆಗೂ ನಡುವೆ ಉತ್ತರ–ದಕ್ಷಿಣವಾಗಿ ಉದ್ದನೆಯ ಮರಳ ಪಟ್ಟಿ ಇರುತ್ತದೆ. ಮಂಗಳೂರಿನ ತಣ್ಣೀರುಬಾವಿ–ಬೆಂಗ್ರೆ, ಶಾಂಭವಿ ಮತ್ತು ನಂದಿನಿ ಹೊಳೆಗಳು ಕೂಡುವ ಸಸಿಹಿತ್ಲು, ಉದ್ಯಾವರ ಹೊಳೆಯ ಪಕ್ಕದ ಪಡುಕೆರೆ, ಸ್ವರ್ಣಾ–ಸೀತಾ ಅಳಿವೆಯ ಕೋಡಿಬೆಂಗ್ರೆ ಎಲ್ಲವೂ ಹೀಗೆಯೇ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ.

ಹಾಗಾಗಿ ಬೆಳಿಗ್ಗೆ ಈ ಪಟ್ಟಿಯ ಮೇಲೆ ನಿಂತು ಕಡಲ ದಂಡೆ ನೋಡಿದರೆ ಬಿಸಿಲು ಬೆನ್ನಿಗೆ, ಹೊಳೆಯ ಕೆಸರು ನೋಡಿದರೆ ಬಿಸಿಲು ಕಣ್ಣಿಗೆ. ಕಣ್ಣಿಗೆ ಬಿಸಿಲು ಹೊಡೆದರೆ ಹಕ್ಕಿ ಬರೀ ಕಪ್ಪು ನೆರಳು. ಕಾಲು ಕೆಂಪೋ ಹಸಿರೋ ಗೊತ್ತಾಗದು, ಬೆಲೆಬಾಳುವ ದುರ್ಬೀನೂ ಉಪಯೋಗಕ್ಕಿಲ್ಲ. ಬೆಳಗಿನ ಭರತವಾದರೆ ಹೊಳೆಯ ಪೂರ್ವ ದಂಡೆಯಿಂದ ಕೆಸರು ಬಯಲನ್ನು ನೋಡಿ. ಸಂಜೆಯ ಭರತವಾದರೆ ಮೂರೂವರೆಯ ನಂತರ ಮರಳ ಪಟ್ಟಿಯ ಮೇಲೆ ಬಂದು ಹೊಳೆಯ ಕಡೆ ಮುಖ ಮಾಡಿ ಕೂರಿ. ಎರಡರಲ್ಲಿ ಒಂದೇ ಆಗುತ್ತದೆ ಎನ್ನುವವರಿಗೆ ಸಂಜೆಯೇ ಒಳ್ಳೆಯದು.

ಫೆಬ್ರವರಿಯ ಬೆಳಗುಗಳು ತಂಪು, ಏಳರ ತನಕ ಹೊಳೆಯ ಮೇಲೆ ಮಂಜು ಇರುವುದುಂಟು. ಮಾರ್ಚ್ ದಾಟಿದ ಮೇಲೆ ಒಂಬತ್ತೂವರೆಗೆಲ್ಲ ಮರಳು ಕಾದು ಗಾಳಿ ನಡುಗತೊಡಗುತ್ತದೆ. ಆಮೇಲೆ ದುರ್ಬೀನಿನಲ್ಲಿ ದೂರದ ಹಕ್ಕಿ ನೀರಿನೊಳಗಿನ ಬಿಂಬದಂತೆ ಅಲ್ಲಾಡುತ್ತದೆ. ಅದು ಕನ್ನಡಕದ ತೊಂದರೆಯೂ ಅಲ್ಲ, ದುರ್ಬೀನಿನ ತೊಂದರೆಯೂ ಅಲ್ಲ.

ಕೈಯಲ್ಲಿ ಏನಿರಬೇಕು

8x42 ಅಳತೆಯ ಬೈನಾಕ್ಯುಲರ್ ಸಾಕು. 8 ಎಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10 ಪಟ್ಟಿನದ್ದು ಕೊಂಡರೆ ಹೆಚ್ಚು ಕಾಣುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ; ಕಡಲ ಗಾಳಿಯಲ್ಲಿ ಕೈ ನಡುಗುವುದೂ ಹೆಚ್ಚು ಕಾಣುತ್ತದೆ. 20 ಪಟ್ಟು, 50 ಪಟ್ಟು ಎಂದು ಬರೆದ ಅಗ್ಗದ ಜೇಬಿನ ದುರ್ಬೀನುಗಳ ಹತ್ತಿರ ಹೋಗಬೇಡಿ.

ಕೊಂಡ ಮೇಲೆ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಬೇಕು. ಎರಡು ಕೊಳವೆಗಳನ್ನು ಮಡಚುತ್ತಾ ಬಿಡಿಸುತ್ತಾ ಒಂದೇ ದುಂಡು ಚಿತ್ರ ಕಾಣುವಂತೆ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ದೂರದ ಒಂದು ಬೋರ್ಡಿನ ಅಕ್ಷರ ಸ್ಪಷ್ಟವಾಗಲಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಸಣ್ಣ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆ ಉಂಗುರ ಎಲ್ಲಿ ನಿಂತಿತೆಂದು ಬಿಳಿ ಪೇಂಟಿನ ಚುಕ್ಕಿ ಇಡಿ. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಚಿತ್ರ ಕೊಳವೆಯೊಳಗಿಂದ ನೋಡಿದಷ್ಟೇ ಕಿರಿದು. ‘ನನಗೆ ದುರ್ಬೀನಿನಲ್ಲಿ ಏನೂ ಕಾಣುವುದಿಲ್ಲ’ ಎನ್ನುವವರಿಗೆ ಹೆಚ್ಚಿನ ಸಲ ಈ ಎರಡರಲ್ಲಿ ಒಂದು ಬಿಟ್ಟುಹೋಗಿರುತ್ತದೆ.

ಟೆಲಿಸ್ಕೋಪ್ ಇದ್ದರೆ ಅಳಿವೆಯಲ್ಲಿ ಬಹಳ ಅನುಕೂಲ. 25–30 ಪಟ್ಟಿನಲ್ಲೇ ಇಡಿ, 40 ದಾಟಿಸಿದರೆ ಕಾದ ಗಾಳಿಯ ನಡುಕ ಮಾತ್ರ ದೊಡ್ಡದಾಗುತ್ತದೆ. ಟ್ರೈಪಾಡಿನ ಕಾಲುಗಳನ್ನು ಗಿಡ್ಡ ಮಾಡಿ ಕೂತು ನೋಡಿದರೆ ಗಾಳಿಗೆ ಅಲ್ಲಾಡದು, ಹಕ್ಕಿಗೂ ಹೆದರಿಕೆ ಕಡಿಮೆ. ಇನ್ನುಳಿದದ್ದು ಮಂಕಾದ ಬಣ್ಣದ ಅಂಗಿ, ಟೊಪ್ಪಿ, ಒಬ್ಬರಿಗೆ ಎರಡು ಲೀಟರ್ ನೀರು, ಪೆನ್ಸಿಲ್, ಸಣ್ಣ ಪುಸ್ತಕ. ಬೆವರಿಗೂ ಉಪ್ಪು ನೀರಿಗೂ ಪೆನ್ನಿನ ಶಾಯಿ ಹರಡುತ್ತದೆ.

ದಿಬ್ಬದ ಮೇಲೆ ಇರುವುದು ಯಾರು?

ಮೊದಲು ಬಣ್ಣ ನೋಡಬೇಡಿ, ನಡಿಗೆ ನೋಡಿ. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಬಾಗಿ ಒಮ್ಮೆ ಕುಕ್ಕಿ ಮತ್ತೆ ಓಡುವುದಾದರೆ ಅದು ಪ್ಲೋವರ್ ಗುಂಪು. ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅವು ಕಣ್ಣಿಂದ ಬೇಟೆ ಹಿಡಿಯುತ್ತವೆ. ತಲೆ ಎತ್ತದೆ ಹೊಲಿಗೆ ಮಿಷನ್ನಿನ ಸೂಜಿಯಂತೆ ಕೆಸರು ಚುಚ್ಚುತ್ತಾ ಹೋದರೆ ಅದು ಸ್ಯಾಂಡ್‌ಪೈಪರ್ ಗುಂಪು. ಅವುಗಳ ಕೊಕ್ಕಿನ ತುದಿಗೇ ಸ್ಪರ್ಶ ತಿಳಿಯುತ್ತದೆ. ಇಷ್ಟು ವಿಂಗಡಿಸಿದರೆ ಅರ್ಧ ಕೆಲಸ ಆಯಿತು. ಕನ್ನಡದಲ್ಲಿ ಎರಡನ್ನೂ ಗೊರವ ಎನ್ನುವ ರೂಢಿಯಿದೆ, ಅದಕ್ಕೇ ಇಲ್ಲಿ ಹಕ್ಕಿ ನೋಡುವವರ ಬಾಯಲ್ಲಿರುವ ಹೆಸರುಗಳನ್ನೇ ಬಳಸಿದೆ.

ನಮ್ಮ ದಂಡೆಗಳಲ್ಲಿ ಅತಿ ಹೆಚ್ಚು ಸಿಗುವುದು ಲೆಸ್ಸರ್ ಸ್ಯಾಂಡ್ ಪ್ಲೋವರ್. ಈಚೆಗೆ ಇದನ್ನು ಎರಡು ಜಾತಿಯಾಗಿ ಒಡೆದಿದ್ದಾರೆ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಟಿಬೆಟನ್ ಸ್ಯಾಂಡ್ ಪ್ಲೋವರ್, ಹಿಮಾಲಯ–ಟಿಬೆಟಿನ ಎತ್ತರದ ಬಯಲುಗಳಲ್ಲಿ ಮರಿ ಮಾಡುವಂಥದ್ದು. ಫೆಬ್ರವರಿಯಲ್ಲಿ ಮಣ್ಣು ಬಣ್ಣ, ಎದೆಯ ಎರಡು ಬದಿಗೆ ಮಂಕು ಕಂದು ಕಲೆ. ಮಾರ್ಚ್ ನಡುವಿಗೆ ಎದೆಗೆ ಇಟ್ಟಿಗೆ ಬಣ್ಣ ಇಳಿಯತೊಡಗುತ್ತದೆ. ಏಪ್ರಿಲ್ ಮೊದಲ ವಾರ ಗಂಡಿನ ಕಣ್ಣ ಪಟ್ಟಿ ಕಡುಗಪ್ಪು. ಒಂದೇ ದಿಬ್ಬಕ್ಕೆ ಹದಿನೈದು ದಿನಕ್ಕೊಮ್ಮೆ, ಅಂದರೆ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ನಾಲ್ಕು ಸಲ ಹೋದರೆ ಈ ಬದಲಾವಣೆ ಪೂರ್ತಿ ಕಾಣಸಿಗುತ್ತದೆ. ಹತ್ತು ಜಾಗ ಒಂದೊಂದು ಸಲ ಸುತ್ತುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ. ಇದರ ನಡುವೆ ಕಾಲು ಉದ್ದ, ಕೊಕ್ಕು ಉದ್ದ ಮತ್ತು ದಪ್ಪ ಇರುವ ಒಂದೆರಡು ನಿಂತಿದ್ದರೆ ಅವು ಗ್ರೇಟರ್ ಸ್ಯಾಂಡ್ ಪ್ಲೋವರ್. ಒಂಟಿಯಾಗಿ ಕಂಡಾಗ ಹೆಸರು ಹೇಳುವ ಆತುರ ಬೇಡ, ಪಕ್ಕದಲ್ಲಿ ಚಿಕ್ಕದಿದ್ದರೆ ಮಾತ್ರ ನಂಬಿ.

ಪೆಸಿಫಿಕ್ ಗೋಲ್ಡನ್ ಪ್ಲೋವರ್ ಏಪ್ರಿಲಿನಲ್ಲಿ ಮುಖದಿಂದ ಹೊಟ್ಟೆಯವರೆಗೆ ಮಸಿ ಬಳಿದಂತೆ ಕಪ್ಪಾಗುತ್ತದೆ, ಬೆನ್ನಿಗೆ ಚಿನ್ನದ ಚುಕ್ಕಿ. ಗ್ರೇ ಪ್ಲೋವರ್ ಕೂಡ ಹೊಟ್ಟೆ ಕಪ್ಪಾಗಿಸಿಕೊಳ್ಳುತ್ತದೆ, ಬೆನ್ನು ಬೆಳ್ಳಿ. ಗೊಂದಲವಾದರೆ ಹಾರುವ ತನಕ ಕಾಯಿರಿ: ಗ್ರೇ ಪ್ಲೋವರಿನ ಕಂಕುಳು ಕಪ್ಪು, ಯಾವ ತಿಂಗಳಲ್ಲೂ. ಕರ್ಲ್ಯೂ ಸ್ಯಾಂಡ್‌ಪೈಪರಿನ ಕೊಕ್ಕು ಕೆಳಕ್ಕೆ ಬಾಗಿದ್ದು. ಏಪ್ರಿಲಿನಲ್ಲಿ ಹೊಟ್ಟೆ ಇಟ್ಟಿಗೆ ಕೆಂಪು. ಟೆರೆಕ್ ಸ್ಯಾಂಡ್‌ಪೈಪರ್ ಇದಕ್ಕೆ ತದ್ವಿರುದ್ಧ, ಕೊಕ್ಕು ಮೇಲಕ್ಕೆ ಬಾಗಿ, ಗಿಡ್ಡ ಕಿತ್ತಳೆ ಕಾಲಿನಲ್ಲಿ ತಲೆ ತಗ್ಗಿಸಿ ಏಡಿಯ ಹಿಂದೆ ಓಡುತ್ತದೆ. ರೆಡ್‌ಶ್ಯಾಂಕ್ ಕೆಂಪು ಕಾಲಿನದು, ಹಾರಿದಾಗ ರೆಕ್ಕೆಯ ಹಿಂದಂಚು ಅಗಲ ಬಿಳಿ. ಮೊದಲು ಕೂಗಿ ಊರಿಗೆಲ್ಲ ಸುದ್ದಿ ಮುಟ್ಟಿಸುವುದೂ ಅದೇ.

ಅಲೆಯ ಜೊತೆ ಹಿಂದಕ್ಕೂ ಮುಂದಕ್ಕೂ ಓಡುವ ಬಿಳಿ ಪುಟಾಣಿಗಳು ಸ್ಯಾಂಡರ್ಲಿಂಗ್. ಕಡಲ ದಂಡೆಯ ಬೆಳಗಿನ ಹಕ್ಕಿ ಅದು, ಕೆಸರಿನಲ್ಲಿ ಹುಡುಕಬೇಡಿ. ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಟರ್ನ್‌ಸ್ಟೋನ್ ಹುಡುಕಿ. ಏಪ್ರಿಲಿಗೆ ಕಪ್ಪು, ಬಿಳಿ, ಕಾವಿ ಮೂರೂ ಬಳಿದುಕೊಂಡು ಯಕ್ಷಗಾನದ ಮುಖವರ್ಣಿಕೆಯಂತೆ ಕಾಣುತ್ತದೆ.

ಕಡಲಕ್ಕಿಗಳಿಗೆ ಮಲ್ಪೆಯಂಥ ಮೀನುಗಾರಿಕೆಯ ಜಾಗ, ಅಥವಾ ಕೈರಂಪಣಿ ಬಲೆಯನ್ನು ಕೈಯಿಂದ ಎಳೆಯುವ ದಂಡೆ. ಬಲೆ ದಂಡೆಗೆ ಬರುವ ಹತ್ತು ನಿಮಿಷ ಮುಂಚೆಯೇ ಅವು ಮೇಲೆ ಸುತ್ತತೊಡಗುತ್ತವೆ. ಬ್ರೌನ್‌ಹೆಡೆಡ್ ಗಲ್ ದೊಡ್ಡ ಗುಂಪಿನಲ್ಲಿ ಇರುತ್ತದೆ: ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಕಿಟಕಿ, ಬೆಳೆದ ಹಕ್ಕಿಗೆ ತಿಳಿ ಬಣ್ಣದ ಕಣ್ಣು. ಬ್ಲ್ಯಾಕ್‌ಹೆಡೆಡ್ ಗಲ್ಲಿನ ರೆಕ್ಕೆಗೆ ಮುಂದಂಚಿನಲ್ಲಿ ಬಿಳಿ ಪಟ್ಟಿ, ಕಣ್ಣು ಕಪ್ಪು. ಮಾರ್ಚಿನಲ್ಲಿ ಎರಡಕ್ಕೂ ಕಂದು ಮುಸುಕು ಬರುವುದರಿಂದ ಹೆಸರು ನಂಬಿದರೆ ಮೋಸ ಹೋಗುತ್ತೀರಿ, ರೆಕ್ಕೆಯನ್ನೇ ನೋಡಿ. ನಡುವೆ ಹದ್ದಿನ ಗಾತ್ರದ, ನಿಜಕ್ಕೂ ಕರಿ ಮುಸುಕಿನ, ಹಳದಿ ಕೊಕ್ಕಿನ ತುದಿಗೆ ಕೆಂಪು–ಕಪ್ಪು ಇರುವುದೊಂದು ನಿಂತಿದ್ದರೆ ಅದು ಪ್ಯಾಲಸ್ ಗಲ್. ರೀವಗಳಿಗೆ (ಟರ್ನ್) ಕೊಕ್ಕಿನ ಬಣ್ಣ ಸಾಕು: ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಹಸಿರು ಮಿಶ್ರ ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಾದರೆ ಸ್ಯಾಂಡ್‌ವಿಚ್, ದಪ್ಪನೆಯ ಕೆಂಪಾದರೆ ಕ್ಯಾಸ್ಪಿಯನ್.

ಮೇ ತಿಂಗಳಲ್ಲೂ ಬಣ್ಣ ಬಾರದ ಕೆಲವು ಗೊರವಗಳು ದಿಬ್ಬದ ಮೇಲೆ ಉಳಿದಿರುತ್ತವೆ. ಕಾಯಿಲೆಯೆಂದು ಹಿಡಿಯಲು ಹೋಗಬೇಡಿ. ಬಹಳಷ್ಟು ಒಂದು ವರ್ಷ ತುಂಬದ ಎಳೆಯವು, ಮರಿ ಮಾಡುವ ವಯಸ್ಸಲ್ಲದ ಕಾರಣ ಆ ವರ್ಷ ಹೋಗದೆ ಮಳೆಗಾಲವನ್ನೂ ಇಲ್ಲೇ ಕಳೆಯುತ್ತವೆ.

ಹತ್ತಿರ ಹೋಗುವ ಕ್ರಮ

ನೇರ ನಡೆಯಬೇಡಿ, ಓರೆಯಾಗಿ ನಡೆಯಿರಿ. ಹತ್ತು ಹೆಜ್ಜೆಗೊಮ್ಮೆ ನಿಂತು ನೋಡಿ: ಮೇಯುತ್ತಿದ್ದವು ತಲೆ ಎತ್ತಿದವೋ, ಮಲಗಿದ್ದವು ಕತ್ತು ನೀಡಿದವೋ, ಅಲ್ಲಿಗೇ ನಿಲ್ಲಿ. ನಡೆದು ದೂರ ಸರಿಯತೊಡಗಿದರೆ ನೀವು ಈಗಾಗಲೇ ಹೆಚ್ಚು ಮುಂದೆ ಬಂದಿದ್ದೀರಿ, ಹಿಂದಕ್ಕೆ ಬನ್ನಿ. ಅತ್ಯುತ್ತಮ ಉಪಾಯವೆಂದರೆ ನೀರು ಏರುವ ಮುಂಚೆಯೇ ಹೋಗಿ ಗಾಳಿಮರದ ನೆರಳಲ್ಲೋ ದಂಡೆಗೆ ಎಳೆದಿಟ್ಟ ದೋಣಿಯ ಮರೆಯಲ್ಲೋ ಕೂತುಬಿಡುವುದು.

ಭರತ ತುಂಬಿದಾಗ ಎಲ್ಲವೂ ದಿಬ್ಬದ ತುದಿಗೆ ಒತ್ತೊತ್ತಾಗಿ ನಿಲ್ಲುತ್ತವೆ. ಹಾರುವ ಗುಂಪಿನ ಫೋಟೋ ಬೇಕೆಂದು ಆಗ ಓಡಿಸುವವರಿದ್ದಾರೆ. ಮಾರ್ಚ್–ಏಪ್ರಿಲಿನಲ್ಲಿ ಇದು ಕೆಟ್ಟ ಕೆಲಸ. ಸಾವಿರಾರು ಕಿಲೋಮೀಟರ್ ಹಾರಲು ಬೇಕಾದ ಕೊಬ್ಬನ್ನು ಅವು ಈ ವಾರಗಳಲ್ಲೇ ಕೂಡಿಡುತ್ತಿರುತ್ತವೆ. ಒಂದು ಸಲ ಎಬ್ಬಿಸಿದರೆ ಅಷ್ಟು ಕೊಬ್ಬು ಕರಗಿತು, ಇಳಿಯಲು ಬೇರೆ ದಿಬ್ಬವೂ ಆ ಹೊತ್ತಿಗೆ ನೀರಿನಡಿ. ಊರ ನಾಯಿ ಹಿಂದೆ ಬಂದರೆ ಮೊದಲು ಅದನ್ನು ಹಿಂದಕ್ಕೆ ಕಳಿಸಿ. ಟಿಟ್ಟಿಭ ತಲೆಯ ಮೇಲೆ ಹಾರಿ ಒಂದೇ ಸಮನೆ ಬೈಯುತ್ತಿದ್ದರೆ ಹತ್ತಿರದಲ್ಲಿ ಮೊಟ್ಟೆಯಿದೆ ಎಂದರ್ಥ. ಅದು ಇಲ್ಲಿಯದೇ ಹಕ್ಕಿ, ಬೇಸಗೆಯಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಬಂದ ಹೆಜ್ಜೆಯ ಮೇಲೇ ವಾಪಸಾಗಿ.

ನಿಮ್ಮ ಜೀವದ ಲೆಕ್ಕವೂ ಮುಖ್ಯ. ನಡೆದು ದಾಟಿದ ಕಾಲುವೆ ಎರಡು ಗಂಟೆಯಲ್ಲಿ ಎದೆಮಟ್ಟ ಆಗಬಹುದು, ಇಳಿತದಲ್ಲಿ ನಡುದಿಬ್ಬಕ್ಕೆ ಹೋಗಿ ಭರತಕ್ಕೆ ಸಿಕ್ಕಿಕೊಳ್ಳುವುದು ಹೀಗೆಯೇ. ಕೆಸರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ಹೆಜ್ಜೆಯಿರುವಲ್ಲಿ ಮಾತ್ರ ಕಾಲಿಡಿ. ಯಾವ ಕಡೆ ಹೂಳುತ್ತದೆ ಎಂದು ಅವರಿಗೆ ಗೊತ್ತು. ‘ಅಕ್ಕಾ, ನೀರು ಎಷ್ಟೊತ್ತಿಗೆ ಏರ್ತದೆ?’ ಎಂದು ಕೇಳಿದರೆ ಮೊಬೈಲಿಗಿಂತ ಸರಿಯಾದ ಉತ್ತರ ಸಿಗುತ್ತದೆ. ಬರಿಗಾಲು ಬೇಡ, ಚಿಪ್ಪು ಕೊಯ್ಯುತ್ತದೆ. ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ. ಬಂದರಿನ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಬೇಡವೇ ಬೇಡ.

ಕಡಲಿಗೆ ಹೋಗಲಾಗದವರಿಗೆ

ಅಡಿಕೆ ತೋಟವಿದ್ದರೆ ಸಾಕು. ತರಗೆಲೆಯ ಮೇಲೆ ಬಾಲವನ್ನು ಮೇಲೆ ಕೆಳಗೆ ಆಡಿಸದೆ ಆಚೀಚೆ ಬಳುಕಿಸುತ್ತಾ ನಡೆಯುವ ಸಿಪಿಲೆ (ವ್ಯಾಗ್‌ಟೇಲ್) ಕಂಡರೆ ಅದು ಕಾಡು ಸಿಪಿಲೆ. ಬೇರೆ ಸಿಪಿಲೆಗಳು ಹಾಗೆ ಮಾಡುವುದಿಲ್ಲ. ಬೇಲಿಯೊಳಗಿನಿಂದ ‘ಚಕ್, ಚಕ್’ ಎಂದು ಬಿಟ್ಟುಬಿಟ್ಟು ಕೇಳಿ, ಹಕ್ಕಿ ಕಾಣದಿದ್ದರೆ ಹೆಚ್ಚಾಗಿ ಬ್ಲೈತನ ರೀಡ್ ವಾರ್ಬ್ಲರ್. ಕೊಳಕೆ, ಅಂದರೆ ಮೂರನೆಯ ಭತ್ತದ ಬೆಳೆಗೆ ನೀರು ಕಟ್ಟಿದ ಬೈಲು ಗದ್ದೆಗಳಲ್ಲಿ ವುಡ್ ಸ್ಯಾಂಡ್‌ಪೈಪರ್, ಹಳದಿ ಸಿಪಿಲೆ. ಬೂರುಗದ ಹೂ ಬಿಟ್ಟಾಗ ಗುಲಾಬಿ ಕಬ್ಬಕ್ಕಿ. ಏಪ್ರಿಲ್ ಕೊನೆಗೆ ಮುಂಜಾನೆಯೋ ಮುಸ್ಸಂಜೆಯೋ ಎರಡು ಸ್ವರದ ಸಿಳ್ಳೆ ಕೇಳಿಸಿದರೆ ಉತ್ತರಕ್ಕೆ ಹೊರಟ ನವರಂಗ (ಪಿಟ್ಟಾ) ನಿಮ್ಮ ತೋಟದಲ್ಲಿ ತಂಗಿದೆ.

ಎಣಿಸಿ ಬರೆಯುವುದು

ದೊಡ್ಡ ಗುಂಪಿನಲ್ಲಿ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ತುಂಬುತ್ತದೆ ಎಂದು ಕಣ್ಣಳತೆ ಹಿಡಿದು, ಅಂಥ ತುಂಡು ಎಷ್ಟಾಗುತ್ತದೆ ನೋಡಿ. ಎರಡು ಸಲ ಎಣಿಸಿದಾಗ ಬಂದ ಲೆಕ್ಕ ತೀರಾ ಬೇರೆಯಾದರೆ ಮೂರನೆಯ ಸಲ. ಜಾಗ, ಶುರು ಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ನಡೆದಿರಿ, ಭರತವೋ ಇಳಿತವೋ ಬರೆಯಿರಿ. ಹಕ್ಕಿ ಪಟ್ಟಿ ದಾಖಲಿಸುವ ಇಬರ್ಡ್ ಆ್ಯಪ್‌ಗೆ ಹಾಕುವವರು ಕಾಗೆ, ಬೆಳ್ಳಕ್ಕಿಯನ್ನೂ ಬಿಡದೆ ಕಂಡದ್ದೆಲ್ಲ ಸೇರಿಸಿದರೆ ಮಾತ್ರ ‘ಪೂರ್ಣ ಪಟ್ಟಿ’ ಎಂದು ಒತ್ತಬೇಕು. ಬೆಂಗ್ರೆಯದ್ದೂ ಸಸಿಹಿತ್ಲುವಿನದ್ದೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ 15 ನಿಮಿಷದ ಪಟ್ಟಿಯೂ ನಡೆಯುತ್ತದೆ. ಹೊಸಬರಿಗೆ ಅದು ಸುಲಭದ ಶುರು.

ಕಾಲಿನಲ್ಲಿ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೋ ಬಳೆಯೋ ಇರುವ ಗೊರವ ಸಿಕ್ಕರೆ ಎಡಗಾಲೋ ಬಲಗಾಲೋ, ಮೇಲೆ ಯಾವ ಬಣ್ಣ ಕೆಳಗೆ ಯಾವ ಬಣ್ಣ, ಅಕ್ಷರ–ಅಂಕಿ ಏನು ಎಂದು ಅಲ್ಲೇ ಬರೆದುಕೊಂಡು, ಮಸುಕಾದರೂ ಸರಿ ಒಂದು ಫೋಟೋ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ‘ಹಕ್ಕಿಯ ಎಡ’ ಎಂಬುದು ನೀವು ನೋಡುವಾಗಿನ ಎಡವಲ್ಲ. ಹೆಚ್ಚು ತಪ್ಪಾಗುವುದು ಅಲ್ಲಿಯೇ.

ಮನೆಗೆ ಬಂದ ಮೇಲೆ

ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಮೊದಲು ರಬ್ಬರ್ ಬಲ್ಬಿನಿಂದ ಮರಳು ಊದಿ ತೆಗೆಯಿರಿ, ಆಮೇಲೆ ಕುಡಿಯುವ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಉಪ್ಪು ಒರೆಸಿ, ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆ. ಮಳೆಗಾಲದ ತೇವಕ್ಕೆ ನಮ್ಮಲ್ಲಿ ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು ಕಟ್ಟುತ್ತದೆ, ಒಮ್ಮೆ ಹಿಡಿದರೆ ಬಿಚ್ಚಿಸದೆ ಹೋಗದು. ಮುಚ್ಚಿದ ಚರ್ಮದ ಚೀಲದಲ್ಲಿಟ್ಟರೆ ಇನ್ನೂ ಬೇಗ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಯಲ್ಲಿ 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ತಿರುಗಿದಾಗ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಬಹುದು, ಆದರೆ ಆ ಬಾಣಲೆ ಅಡುಗೆಗೆ ಬಳಸುವಂತಿಲ್ಲ. ಆಟಿಯಲ್ಲಿ ಮಳೆ ಹೊಳವಾದ ದಿನ ಹೊರಗೆ ತೆಗೆದು ಒಮ್ಮೆ ನೋಡಿ. ಆಗಸ್ಟಿನಲ್ಲಿ ಮೊದಲು ಮರಳುವುದು ಬೆಳೆದ ಸ್ಯಾಂಡ್ ಪ್ಲೋವರುಗಳು, ಏಪ್ರಿಲಿನ ಆ ಇಟ್ಟಿಗೆ ಬಣ್ಣ ಅಲ್ಲಲ್ಲಿ ಮಾಸಿಕೊಂಡು ಇನ್ನೂ ಎದೆಯ ಮೇಲೆ ಉಳಿದಿರುತ್ತದೆ.